ಹೇಳಿಕೆ ಕೊಡುವ ಮಕ್ಕಳು

ಅಣ್ಣನ ಮಗಳು ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ಎರಡು ರಟ್ಟಿನ ಡಬ್ಬ ತಂದು ನಮ್ಮ ನಡುಮನೆಯಲ್ಲಿಟ್ಟಳು. “ಅತ್ತೆ, ಇವೆಲ್ಲ ನನ್ನ ಪುಸ್ತಕ. ಓದೋದಾದ್ರೆ ಓದಿ, ಪುಟದ ತುದಿ ಮಾತ್ರ ಮಡಚ್ಬೇಡಿ” ಅಂದಳು. ಬಿಚ್ಚಿ ನೋಡಿದರೆ ಹೆಚ್ಚಿನವು ಅಮೆರಿಕದ ಹದಿಹರೆಯದ ಕಾದಂಬರಿಗಳು. ಅಲ್ಲಿ ಯಂಗ್ ಅಡಲ್ಟ್ ಎಂದು ಕರೆದು ಬೇರೆಯೇ ಕಪಾಟಿನಲ್ಲಿಡುವ ಜಾತಿಯವು. ಅರವತ್ತು ದಾಟಿದವಳಿಗೆ ಇದೇನು ಓದು ಅಂದುಕೊಂಡೇ ಶುರು ಮಾಡಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಡಬ್ಬ ಖಾಲಿಯಾಗಿತ್ತು.

ಇಪ್ಪತ್ತೆಂಟು ವರ್ಷ ನಾನು ನ್ಯಾಯಾಲಯದಲ್ಲಿ ಸ್ಟೆನೋ ಆಗಿದ್ದೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಹೇಳಿ ಬರೆಸುತ್ತಿದ್ದರು, ನಾನು ಬೆರಳಚ್ಚು ಮಾಡುತ್ತಿದ್ದೆ. ಮಕ್ಕಳು ಸಾಕ್ಷಿ ನುಡಿಯಲು ಬಂದ ದಿನ ಈ ಕೆಲಸ ಯಾಕೋ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಹುಡುಗ “ಮಾಮ ಬಂದು ಅಮ್ಮನ ಕೂದ್ಲು ಹಿಡ್ಕೊಂಡು ಎಳ್ದ” ಅನ್ನುತ್ತಾನೆ. ಹಾಳೆಯ ಮೇಲೆ ಅದು “ಆರೋಪಿಯು ನನ್ನ ತಾಯಿಯವರ ತಲೆಗೂದಲನ್ನು ಹಿಡಿದು ಎಳೆದಿರುತ್ತಾನೆ” ಎಂದಾಗುತ್ತದೆ. ತಪ್ಪೇನೂ ಇಲ್ಲ, ಆದರೆ ಹುಡುಗ ಎಲ್ಲಿ ಹೋದ? ಡಬ್ಬದ ಪುಸ್ತಕಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಇದೇ. ಒಂದಾದ ಮೇಲೊಂದರಲ್ಲಿ ಹದಿನಾಲ್ಕು, ಹದಿನಾರರ ಮಕ್ಕಳು ಯಾರೆದುರೋ ಹೇಳಿಕೆ ಕೊಡುತ್ತಿದ್ದಾರೆ: ಮೇಷ್ಟ್ರಿಗೆ, ಪೊಲೀಸರಿಗೆ, ಜ್ಯೂರಿಗೆ, ಯಾರೂ ಸಿಗದಿದ್ದರೆ ನೋಟ್‌ಬುಕ್ಕಿಗೆ. ನಡುವೆ ನಿಂತು ತಿದ್ದಿ ಬರೆಸುವ ದೊಡ್ಡವರಿಲ್ಲ. ಪ್ರಕಟವಾದ ವರ್ಷದ ಪ್ರಕಾರ ಜೋಡಿಸಿಕೊಂಡು ಮತ್ತೆ ತಿರುವಿ ಹಾಕಿದಾಗ, ಆ ದೊಡ್ಡವರನ್ನು ಹೊರಗೆ ಕಳಿಸಿದ್ದೇ ಈ ಪ್ರಕಾರದ ಚರಿತ್ರೆ ಅನ್ನಿಸಿತು.

ಈ ವಯಸ್ಸಿನ ಓದುಗರನ್ನು ಬರಹಗಾರರಿಗಿಂತ ಮೊದಲು ಗುರುತಿಸಿದವರು ಗ್ರಂಥಪಾಲಕರು. ಬಾಲ್ಟಿಮೋರಿನ ಎನಾಕ್ ಪ್ರ್ಯಾಟ್ ಗ್ರಂಥಾಲಯದ ಮಾರ್ಗರೆಟ್ ಎಡ್ವರ್ಡ್ಸ್ 1940ರ ದಶಕದಲ್ಲಿ ಕುದುರೆ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಕೇರಿ ಕೇರಿ ತಿರುಗಿದರು. 1957ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ಹದಿಹರೆಯದವರಿಗೆಂದೇ ಒಂದು ವಿಭಾಗ ತೆರೆಯಿತು. ಕಪಾಟು ಸಿದ್ಧವಾಗಿತ್ತು, ಅದರಲ್ಲಿಡಲು ಪುಸ್ತಕ ಕಡಿಮೆ. ಸ್ಯಾಲಿಂಜರರ ‘ದಿ ಕ್ಯಾಚರ್ ಇನ್ ದ ರೈ’ 1951ರಲ್ಲಿ ಬಂದದ್ದು ದೊಡ್ಡವರ ಕಾದಂಬರಿಯಾಗಿ. ಹುಡುಗರು ಅದನ್ನು ತಾವಾಗಿ ಎತ್ತಿಕೊಂಡರು.

ಎಲ್ಲರೂ ಲೆಕ್ಕ ಹಿಡಿಯುವುದು 1967ರ ‘ದಿ ಔಟ್‌ಸೈಡರ್ಸ್’ನಿಂದ. ಒಕ್ಲಹೋಮಾದ ಟಲ್ಸಾ ಊರಿನ ಎಸ್. ಇ. ಹಿಂಟನ್ ಬರೆಯಲು ಕೂತಾಗ ಅವರಿಗೆ ಹದಿನೈದು, ಪುಸ್ತಕ ಬಂದಾಗ ಹದಿನೆಂಟು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಸೂಸನ್ ಎಂಬ ಹೆಸರನ್ನು ಇನಿಷಿಯಲ್ಲಿನಲ್ಲಿ ಅಡಗಿಸಿದರು. ಬಡವರ ಕೇರಿಯ ಹುಡುಗರಿಗೂ ಕಾರಿನಲ್ಲಿ ಓಡಾಡುವವರಿಗೂ ಜಗಳ. ಒಂದು ಕೊಲೆ, ಬೆಂಕಿ ಬಿದ್ದ ಚರ್ಚು, ಆಮೇಲೆ ಇನ್ನೆರಡು ಸಾವು. ಇದರಲ್ಲೊಂದು ವಿಚಾರಣೆಯ ದೃಶ್ಯವಿದೆ. ಹದಿನಾಲ್ಕರ ಪೋನಿಬಾಯ್ ಎದೆ ಡವಗುಟ್ಟುತ್ತ ಕೂತಿರುತ್ತಾನೆ. ನ್ಯಾಯಾಧೀಶರು ಮನೆ ಹೇಗೆ, ಶಾಲೆ ಹೇಗೆ ಎಂದು ಮೆತ್ತಗೆ ಕೇಳಿ ಕಳಿಸಿಬಿಡುತ್ತಾರೆ. ಕೊಲೆಯ ವಿಷಯ ಅವನನ್ನು ಯಾರೂ ಕೇಳುವುದಿಲ್ಲ. ಅವನು ಒಳಗೊಳಗೇ ಕುಸಿಯುವುದು ಅಲ್ಲಿಂದಾಚೆಗೆ. ನಾವು ಓದಿದ ಕಾದಂಬರಿಯೇ ಅವನು ಇಂಗ್ಲಿಷ್ ಮೇಷ್ಟ್ರಿಗೆ ಬರೆದುಕೊಟ್ಟ ಪ್ರಬಂಧ ಎಂದು ಕೊನೆಯ ಪುಟದಲ್ಲಿ ತಿಳಿಯುತ್ತದೆ. ಕೋರ್ಟು ಕೇಳದ್ದನ್ನು ಅವನು ನೋಟ್ಸಿನ ಹಾಳೆಗೆ ಹೇಳಿದ್ದ. (ಇದನ್ನು ಸಿನಿಮಾ ಮಾಡಿ ಎಂದು ಕ್ಯಾಲಿಫೋರ್ನಿಯಾದ ಫ್ರೆಸ್ನೋದ ಶಾಲಾಮಕ್ಕಳೇ ಸಹಿ ಹಾಕಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಅರ್ಜಿ ಕಳಿಸಿದ್ದರು. 1983ರಲ್ಲಿ ಸಿನಿಮಾ ಬಂತು.)

ಮರುವರ್ಷದ ‘ದಿ ಪಿಗ್‌ಮ್ಯಾನ್’ ಕೂಡ ಇದೇ ದಾರಿ. ಬರೆದ ಪಾಲ್ ಝಿಂಡೆಲ್ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಒಂಟಿ ಮುದುಕನೊಬ್ಬನ ವಿಶ್ವಾಸವನ್ನು ಹಾಳುಮಾಡಿದ ಹುಡುಗ, ಹುಡುಗಿ ಸರದಿಯಲ್ಲಿ ಒಂದೊಂದು ಅಧ್ಯಾಯ ಬರೆದು ತಪ್ಪೊಪ್ಪಿಕೊಳ್ಳುತ್ತಾರೆ. ಟೈಪ್ ಮಾಡುವುದು ಶಾಲೆಯ ಲೈಬ್ರರಿಯಲ್ಲಿ. ಪಾಪ, ಲೈಬ್ರರಿಯಾಕೆ ಅದೇನೋ ಹೋಂವರ್ಕ್ ಅಂದುಕೊಂಡಿರುತ್ತಾಳೆ.

ರಾಬರ್ಟ್ ಕಾರ್ಮಿಯರ್ ಬಳಿಗೆ ಬಂದಾಗ ನನ್ನ ಓದಿನ ವೇಗ ನಿಂತಿತು. ಮ್ಯಾಸಚೂಸೆಟ್ಸ್‌ನ ಪತ್ರಕರ್ತ. ಮಗ ಶಾಲೆಯ ಧನಸಂಗ್ರಹಕ್ಕಾಗಿ ಚಾಕೊಲೇಟ್ ಮಾರಲು ಒಲ್ಲೆನೆಂದದ್ದೇ ‘ದಿ ಚಾಕೊಲೇಟ್ ವಾರ್’ (1974) ಕಾದಂಬರಿಯ ಬೀಜ. ನಿಜದಲ್ಲಿ ಮಗನಿಗೆ ಏನೂ ಆಗಲಿಲ್ಲ. ಕಾದಂಬರಿಯ ಜೆರ್ರಿಯನ್ನು ಶಾಲೆ ಚಿಂದಿ ಮಾಡುತ್ತದೆ. ಕೊನೆಯನ್ನು ಸ್ವಲ್ಪ ಹದಮಾಡಿ ಎಂದ ಪ್ರಕಾಶಕರಿಗೆ ಕಾರ್ಮಿಯರ್ ಒಪ್ಪಲಿಲ್ಲ. ನನಗೆ ಇದಕ್ಕಿಂತ ದೊಡ್ಡದೆನಿಸಿದ್ದು 1977ರ ‘ಐ ಆಮ್ ದ ಚೀಸ್’. ಒಂದು ಎಳೆಯಲ್ಲಿ ಹುಡುಗ ಸೈಕಲ್ ತುಳಿಯುತ್ತ ಅಪ್ಪನನ್ನು ನೋಡಲು ಹೊರಟಿದ್ದಾನೆ. ಇನ್ನೊಂದು ಎಳೆ ಟೇಪಿನಲ್ಲಿ ಮುದ್ರಿಸಿದ ಪ್ರಶ್ನೋತ್ತರ. ಕೇಳುವವನು ವೈದ್ಯನೋ ಅಧಿಕಾರಿಯೋ ತಿಳಿಯದು. ಎಷ್ಟು ಮೃದುವಾಗಿ ಕೇಳುತ್ತಾನೆಂದರೆ, ಪಾಟಿಸವಾಲಿನಲ್ಲಿ ಹಾಗೆ ಮೃದುವಾಗಿ ಶುರು ಮಾಡುವ ವಕೀಲರೇ ಅಪಾಯದವರು ಎಂದು ಬಲ್ಲ ನನಗೆ ಮೂರನೇ ಟೇಪಿಗೇ ಮೈ ಜುಮ್ಮೆಂದಿತು. ಹುಡುಗನ ಅಪ್ಪ ಸರ್ಕಾರದ ಪರ ಸಾಕ್ಷಿ ಹೇಳಿ, ಹೆಸರು ಊರು ಬದಲಿಸಿ ಬದುಕುತ್ತಿದ್ದವನು. ಇನ್ನು ಹೇಳಿದರೆ ಓದುವವರ ಸುಖ ಕೆಟ್ಟೀತು. ಒಂದು ಸಂಗತಿ ಮಾತ್ರ: ಹುಡುಗನ ಗೆಳತಿಯ ಫೋನ್ ನಂಬರೆಂದು ಕಾರ್ಮಿಯರ್ ಕಾದಂಬರಿಯಲ್ಲಿ ಹಾಕಿದ್ದು ತಮ್ಮ ಮನೆಯ ನಂಬರನ್ನೇ. ಓದಿದ ಮಕ್ಕಳು ವರ್ಷಗಟ್ಟಲೆ ಫೋನ್ ಮಾಡಿದರು, ಅವರು ಎತ್ತಿ ಮಾತಾಡಿದರು.

ಅದೇ ಹೊತ್ತಿಗೆ ಜೂಡಿ ಬ್ಲೂಮ್ 1975ರಲ್ಲಿ ‘ಫಾರೆವರ್’ ಬರೆದರು. ಹುಡುಗ ಹುಡುಗಿ ಕೂಡಿದರೂ ಕೊನೆಗೆ ಯಾರೂ ಸಾಯದ ಕಥೆ ಬೇಕೆಂದು ಅವರ ಮಗಳು ಕೇಳಿದ್ದಳಂತೆ. ಅಲ್ಲಿನ ಶಾಲೆಗಳು ಇಂದಿಗೂ ಕಪಾಟಿನಿಂದ ತೆಗೆಸುವ ಪುಸ್ತಕಗಳಲ್ಲಿ ಅದೊಂದು. ನನಗೆ ಸಪ್ಪೆ ಅನ್ನಿಸಿತು, ಆದರೆ ನನ್ನ ಹದಿನೇಳಕ್ಕೆ ಕೈಗೆ ಸಿಕ್ಕಿದ್ದರೆ ಏನನ್ನಿಸುತ್ತಿತ್ತೋ ಹೇಳಲಾರೆ.

1999 ದೊಡ್ಡ ವರ್ಷ. ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’, ವಾಲ್ಟರ್ ಡೀನ್ ಮಯರ್ಸ್ ಅವರ ‘ಮಾನ್‌ಸ್ಟರ್’ ಎರಡೂ ಆಗಲೇ ಬಂದವು. ಗ್ರಂಥಾಲಯ ಸಂಘ ಈ ಪ್ರಕಾರಕ್ಕೆಂದೇ ಪ್ರಿಂಟ್ಝ್ ಪ್ರಶಸ್ತಿ ಸ್ಥಾಪಿಸಿ 2000ದಲ್ಲಿ ಮೊದಲ ಸಲ ಕೊಟ್ಟದ್ದು ‘ಮಾನ್‌ಸ್ಟರ್’ಗೆ; ‘ಸ್ಪೀಕ್’ಗೆ ಗೌರವ ಮನ್ನಣೆ. ‘ಸ್ಪೀಕ್’ನ ಮೆಲಿಂಡಾ ಬೇಸಿಗೆ ರಜೆಯ ಪಾರ್ಟಿಯೊಂದರಿಂದ ಪೊಲೀಸರಿಗೆ ಫೋನ್ ಮಾಡಿದ್ದಳು. ಯಾಕೆ ಮಾಡಿದಳೆಂದು ಯಾರೂ ಕೇಳಲಿಲ್ಲ, ಪಾರ್ಟಿ ಹಾಳಾಯಿತೆಂದು ಶಾಲೆಯೆಲ್ಲ ಅವಳನ್ನು ದೂರ ಇಟ್ಟಿತು. ಅವಳು ಮಾತು ಬಿಡುತ್ತಾಳೆ. ಬಾಯಲ್ಲಿ ಮಾತಿಲ್ಲದ ಹುಡುಗಿ ಒಳಗೆ ಎಷ್ಟೊಂದು ಕುಹಕ, ಎಷ್ಟೊಂದು ನಗು ಇಟ್ಟುಕೊಂಡಿದ್ದಾಳೆ! ಅತ್ಯಾಚಾರದ ಪ್ರಕರಣಗಳ ಹೇಳಿಕೆಗಳನ್ನು ಎಷ್ಟೋ ಬೆರಳಚ್ಚಿಸಿದ ನನಗೆ, ಸಾಕ್ಷಿ ಸುಮ್ಮನಾದಾಗ ಆವರಣದಲ್ಲಿ “ಸಾಕ್ಷಿಯು ಮೌನವಾಗಿರುತ್ತಾಳೆ” ಎಂದು ಹಾಕುತ್ತಿದ್ದದ್ದು ನೆನಪಾಯಿತು. ಆ ಆವರಣದೊಳಗೆ ಇಡೀ ಕಾದಂಬರಿಯೇ ಇರುತ್ತಿತ್ತೇನೋ.

ಆಮೇಲೆ ದುಡ್ಡಿನ ಕಾಲ. ಹ್ಯಾರಿ ಪಾಟರ್ ಪುಸ್ತಕಗಳು ಮೇಲಿನ ಸ್ಥಾನ ಬಿಟ್ಟುಕೊಡದಾದಾಗ ನ್ಯೂಯಾರ್ಕ್ ಟೈಮ್ಸ್ 2000ದಲ್ಲಿ ಮಕ್ಕಳ ಪುಸ್ತಕಗಳಿಗೆ ಬೇರೆ ಪಟ್ಟಿ ಮಾಡಿತು. 2005ರಲ್ಲಿ ‘ಟ್ವಿಲೈಟ್’, 2008ರಲ್ಲಿ ‘ದಿ ಹಂಗರ್ ಗೇಮ್ಸ್’. ಈ ಪ್ರಕಾರದ ಪುಸ್ತಕ ಕೊಳ್ಳುವವರಲ್ಲಿ ನೂರಕ್ಕೆ 55 ಮಂದಿ ಹದಿನೆಂಟು ದಾಟಿದವರು ಎಂದು 2012ರ ಮಾರುಕಟ್ಟೆ ಸಮೀಕ್ಷೆಯೊಂದು ಹೇಳಿತು. ‘ಟ್ವಿಲೈಟ್’ ಅನ್ನು ನೂರನೇ ಪುಟಕ್ಕೆ ಬಿಟ್ಟೆ. ಹುಡುಗಿ ಹೇಳುವುದೇನೂ ಇರಲಿಲ್ಲ, ಬರೀ ನೋಡುತ್ತಾಳೆ.

ಆ ಗದ್ದಲದಲ್ಲಿ ಯಾರ ಹೇಳಿಕೆ ದಾಖಲಾಗುತ್ತಿಲ್ಲ ಎಂದು ಎತ್ತಿ ತೋರಿಸಿದವರು ಮತ್ತೆ ಮಯರ್ಸ್. ಹಿಂದಿನ ವರ್ಷ ಬಂದ 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಬಗೆಗಿನವು 93 ಮಾತ್ರ ಎಂಬ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಕ್ಕವನ್ನು ಮುಂದಿಟ್ಟುಕೊಂಡು 2014ರ ಮಾರ್ಚಿನಲ್ಲಿ ಪತ್ರಿಕೆಗೆ ಬರೆದರು. ಜುಲೈಯಲ್ಲಿ ತೀರಿಕೊಂಡರು. ಮೂರು ವರ್ಷ ಕಳೆದು ಎರಡು ಪುಸ್ತಕ ಬಂದವು. ಆಂಜಿ ಥಾಮಸರ ‘ದಿ ಹೇಟ್ ಯು ಗಿವ್’ನಲ್ಲಿ ಹದಿನಾರರ ಸ್ಟಾರ್ ಕಣ್ಣೆದುರೇ ಗೆಳೆಯನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಲ್ಲುತ್ತಾನೆ, ಅವಳೊಬ್ಬಳೇ ಸಾಕ್ಷಿ, ಗ್ರಾಂಡ್ ಜ್ಯೂರಿಯೆದುರು ಹೇಳುತ್ತಾಳೆ, ಆದರೂ ಪೊಲೀಸನ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಜೇಸನ್ ರೆನಾಲ್ಡ್ಸರ ‘ಲಾಂಗ್ ವೇ ಡೌನ್’ ಇದರ ತಿರುಗುಮುರುಗು: ಅಳಬೇಡ, ಯಾರ ಹೆಸರೂ ಹೇಳಬೇಡ, ಸೇಡು ತೀರಿಸು ಎಂಬ ಕೇರಿಯ ಮೂರು ಕಟ್ಟಳೆ. ಅಣ್ಣನನ್ನು ಕಳೆದುಕೊಂಡ ಹದಿನೈದರ ವಿಲ್ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಲಿಫ್ಟಿನಲ್ಲಿ ಇಳಿಯುತ್ತಾನೆ. ಒಂದು ನಿಮಿಷದ ಇಳಿತ, ಪ್ರತಿ ಮಹಡಿಯಲ್ಲೂ ಸತ್ತವರೊಬ್ಬರು ಒಳಗೆ ಬರುತ್ತಾರೆ. ಪೂರ್ತಿ ಪದ್ಯದ ಸಾಲುಗಳಲ್ಲಿದೆ. ಒಂದೇ ಮಧ್ಯಾಹ್ನ ಎರಡು ಸಲ ಓದಿದೆ.

ಆಂಜೆಲಿನ್ ಬೌಲಿ ಅವರ ‘ಫೈರ್‌ಕೀಪರ್ಸ್ ಡಾಟರ್’ 2021ರದು. ಕೆನಡಾ ಗಡಿಯ ಮಿಶಿಗನ್ನಿನ ಒಜಿಬ್ವೆ ಹುಡುಗಿ ಡೌನಿಸ್ ಮಾದಕವಸ್ತುವಿನ ತನಿಖೆಯಲ್ಲಿ ಎಫ್‌ಬಿಐಗೆ ಗುಟ್ಟಿನ ಮಾಹಿತಿದಾರಳಾಗುತ್ತಾಳೆ. ಹೇಳಬೇಕಾದ್ದು ಯಾವುದು, ಕುಲದ ಗುಟ್ಟಾಗಿ ಉಳಿಯಬೇಕಾದ್ದು ಯಾವುದು ಎಂದು ಅವಳು ತೂಗುತ್ತ ಹೋಗುವುದೇ ಕಥೆ. ಮೂಲನಿವಾಸಿಗಳ ನೆಲದಲ್ಲಿ ಹೊರಗಿನವನು ಅಪರಾಧ ಮಾಡಿದರೆ ಕುಲದ ನ್ಯಾಯಾಲಯ ಅವನನ್ನು ವಿಚಾರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1978ರಲ್ಲಿ ತೀರ್ಪು ಕೊಟ್ಟಿತ್ತು. ಡೌನಿಸಳ ಮೇಲೆ ನಡೆದ ಅತ್ಯಾಚಾರಕ್ಕೆ ಶಿಕ್ಷೆಯಾಗದೆ ಹೋಗುವುದು ಆ ತೀರ್ಪು ಎಳೆದ ಗೆರೆಯಿಂದ. ಐನೂರು ಪುಟದ ಹತ್ತಿರ ಹೋಗುವ ಈ ಪುಸ್ತಕದಲ್ಲಿ ಪತ್ತೇದಾರಿ ಎಳೆ ಕೆಲವೆಡೆ ಜಾಳಾಗುತ್ತದೆ, ಅಜ್ಜಿಯರ ಮಾತು ಎಲ್ಲೂ ಜಾಳಾಗುವುದಿಲ್ಲ.

ಓದುತ್ತ ನಮ್ಮ ಕಡೆಯದೂ ನೆನಪಾಗದೆ ಇರಲಿಲ್ಲ. ನಾವು ಚಂದಮಾಮದಿಂದ ನೇರ ತ್ರಿವೇಣಿಗೆ, ಎನ್. ನರಸಿಂಹಯ್ಯನವರ ಪತ್ತೇದಾರಿಗೆ ಜಿಗಿದವರು, ನಡುವೆ ಮೆಟ್ಟಿಲಿರಲಿಲ್ಲ. ಸಾಕ್ಷಿಯಾದ ಹುಡುಗ ನಮ್ಮಲ್ಲೂ ಇದ್ದ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಯಮುನಕ್ಕನಿಗೆ ಆದದ್ದನ್ನೆಲ್ಲ ನಾಣಿಯ ಕಣ್ಣಲ್ಲೇ ಕಾಣುತ್ತೇವೆ. ಆದರೆ ಆ ಕಥೆಯನ್ನು ನಾಣಿಯ ವಯಸ್ಸಿನವರ ಕೈಗೆ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈಗೀಗ ಕಿಶೋರ ಕಾದಂಬರಿ ಎಂಬ ಹೆಸರು ಕೇಳಿಬರುತ್ತಿದೆ. ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’ಕ್ಕೆ 2021ರ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ.

‘ಮಾನ್‌ಸ್ಟರ್’ ಮಾತನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಹಾರ್ಲೆಮ್ಮಿನ ಹದಿನಾರರ ಸ್ಟೀವ್, ಕೊಲೆಯಲ್ಲಿ ಮುಗಿದ ಔಷಧಿ ಅಂಗಡಿಯ ದರೋಡೆಗೆ ಕಾವಲು ನಿಂತಿದ್ದನೆಂಬ ಆರೋಪದ ಮೇಲೆ ಕೊಲೆ ವಿಚಾರಣೆ ಎದುರಿಸುತ್ತಿದ್ದಾನೆ. ಸಿನಿಮಾ ಹುಚ್ಚಿನವನು, ವಿಚಾರಣೆಯನ್ನೆಲ್ಲ ಚಿತ್ರಕಥೆಯಾಗಿ ಬರೆಯುತ್ತಾನೆ: ಕ್ಯಾಮೆರಾ ಇಲ್ಲಿ, ಮುಖ ಹತ್ತಿರಕ್ಕೆ, ಕಟ್. ನಡುನಡುವೆ ಸೆಲ್ಲಿನಲ್ಲಿ ಕೈಬರಹದ ದಿನಚರಿ. ಕೊನೆಗೆ ಬಿಡುಗಡೆಯಾಗುತ್ತದೆ, ಅಪ್ಪಿಕೊಳ್ಳಲು ಕೈಚಾಚಿದರೆ ಅವನ ವಕೀಲೆಯೇ ಮುಖ ತಿರುಗಿಸುತ್ತಾಳೆ. ಅವಳು ಏನನ್ನು ಕಂಡಳು ಎಂಬ ಪ್ರಶ್ನೆ ಅವನನ್ನು ಬಿಡುವುದಿಲ್ಲ.

ಆ ಚಿತ್ರಕಥೆಯ ಆರಂಭದಲ್ಲೇ ಕೋರ್ಟಿನ ಸ್ಟೆನೋ ಬರುತ್ತಾಳೆ. ಕೇಸು ಎರಡು ವಾರ ನಡೆದರೆ ಸಾಕು, ದುಡ್ಡು ಬೇಕಾಗಿದೆ ಎಂದು ಕಾವಲಿನವನ ಹತ್ತಿರ ಹೇಳಿಕೊಳ್ಳುತ್ತಾಳೆ. ನಾನು ಹಾಗೆ ಅಂದವಳಲ್ಲ, ನಮ್ಮದು ತಿಂಗಳ ಸಂಬಳ. ನಾನು ಅನ್ನುತ್ತಿದ್ದದ್ದು ಬೇರೆ: ಈ ಸಾಕ್ಷಿ ಬೇಗ ಮುಗಿದರೆ ಐದರ ಬಸ್ಸು ಸಿಗುತ್ತದೆ. ಬೆಂಚ್ ಕ್ಲರ್ಕ್ ಪಕ್ಕ ಬಾಗಿ, ಸಣ್ಣ ದನಿಯಲ್ಲಿ. ಕಟಕಟೆ ಅಲ್ಲಿಂದ ನಾಲ್ಕು ಅಡಿ.