ನಾಯಿಮರಿಗಳ ಅತಿಸಾರ ಮತ್ತು ಶುಚಿತ್ವ

ನಾಯಿಮರಿಗಳ ಅತಿಸಾರವೆಂದರೆ ಎಳೆಯ ನಾಯಿಗಳಲ್ಲಿ ಮಲವು ನೀರಾಗಿ ಅಥವಾ ಲೋಳೆಯಾಗಿ, ಸಹಜಕ್ಕಿಂತ ಹೆಚ್ಚು ಸಲ ವಿಸರ್ಜನೆಯಾಗುವ ಸ್ಥಿತಿ. ಇದು ತಾನೇ ಒಂದು ರೋಗವಲ್ಲ. ಆಹಾರದ ಬದಲಾವಣೆಯಿಂದ ಹಿಡಿದು ಪ್ರಾಣಾಂತಿಕ ಸೋಂಕಿನವರೆಗೆ ಹಲವು ಕಾರಣಗಳ ಲಕ್ಷಣ. ಮರಿಯ ಪುಟ್ಟ ದೇಹದಲ್ಲಿ ನೀರು ಮತ್ತು ಸಕ್ಕರೆಯ ಸಂಗ್ರಹ ಅಲ್ಪವಾದುದರಿಂದ, ದೊಡ್ಡ ನಾಯಿ ಸಹಿಸಿಕೊಳ್ಳುವ ಭೇದಿಯು ಮರಿಯ ಪ್ರಾಣಕ್ಕೆ ಎರವಾಗಬಹುದು.

ಕಾರಣಗಳು

ಆಹಾರದ ದಿಢೀರ್ ಬದಲಾವಣೆ, ಅತಿಯಾಗಿ ಉಣಿಸುವಿಕೆ ಮತ್ತು ಹಸುವಿನ ಹಾಲು ಸಾಮಾನ್ಯ ಕಾರಣಗಳು. ತಾಯಿಹಾಲು ಬಿಟ್ಟ ಅನೇಕ ಮರಿಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ. ದುಂಡುಹುಳುಗಳು ಗರ್ಭದಲ್ಲಿರುವಾಗಲೇ ತಾಯಿಯಿಂದ ಮರಿಗೆ ಬರುತ್ತವೆ. ಕೊಕ್ಕೆಹುಳುಗಳು ಮೊಲೆಹಾಲಿನ ಮೂಲಕವೂ ಚರ್ಮದ ಮೂಲಕವೂ ದೇಹ ಸೇರುತ್ತವೆ. ಸೋಂಕುಗಳಲ್ಲಿ ಅತ್ಯಂತ ಭೀಕರವಾದುದು 1978ರಲ್ಲಿ ಗುರುತಿಸಲ್ಪಟ್ಟ ಪಾರ್ವೋ ವೈರಾಣು. ವಾಂತಿ, ನಿತ್ರಾಣ ಮತ್ತು ದುರ್ನಾತದ ರಕ್ತಭೇದಿ ಇದರ ಲಕ್ಷಣಗಳು.

ಕೊಡಗಿನ ಪರಿಸರ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಬಿರುಸಾಗಿರುತ್ತದೆ. ಕಾಫಿ ತೋಟಗಳ ನೆರಳು ಮತ್ತು ತೇವಭರಿತ ಮಣ್ಣು ಕೊಕ್ಕೆಹುಳುವಿನ ಮರಿಹುಳುಗಳಿಗೆ ಅನುಕೂಲಕರ. ಮಳೆಗಾಲದ ಜಿಗಣೆ ಕಚ್ಚಿದ ಗಾಯದಿಂದ ರಕ್ತ ಬಹುಹೊತ್ತು ಸೋರುವುದರಿಂದ, ಬಾಲದ ಬಳಿ ರಕ್ತ ಕಂಡಾಗ ಅದು ಗಾಯದ್ದೋ ಮಲದ್ದೋ ಎಂದು ಪರೀಕ್ಷಿಸಬೇಕು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು, ಬೀಜಗಳನ್ನು ಮರಿಗೆ ಎಟುಕದಂತೆ ಇಡಬೇಕು. ಕೆಫೀನ್ ನಾಯಿಗಳಿಗೆ ವಿಷ. ಹಬ್ಬ, ಮದುವೆಗಳ ಹಂದಿಮಾಂಸದ ಕೊಬ್ಬು, ಬೇಯಿಸಿದ ಮೂಳೆ, ಈರುಳ್ಳಿ-ಬೆಳ್ಳುಳ್ಳಿ ಬೆರೆತ ಮಸಾಲೆಗಳೂ ಹಾನಿಕರ.

ಮನೆಯ ಆರೈಕೆ

ಮರಿಯು ಲವಲವಿಕೆಯಿಂದಿದ್ದು, ವಾಂತಿಯಿಲ್ಲದೆ ನೀರು ಕುಡಿಯುತ್ತಿದ್ದರೆ ಒಂದು ದಿನ ಮನೆಯಲ್ಲೇ ಆರೈಕೆ ಮಾಡಬಹುದು. ಉಪ್ಪು, ಮಸಾಲೆ, ಎಣ್ಣೆ ಹಾಕದೆ ಮೆತ್ತಗೆ ಬೇಯಿಸಿದ ಅನ್ನವನ್ನು ಮೂಳೆ, ಚರ್ಮ ತೆಗೆದ ಕೋಳಿಮಾಂಸದೊಡನೆ ಕಲಸಿ, ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪಸ್ವಲ್ಪವೇ ಕೊಡಬೇಕು. ಕುದಿಸಿ ಆರಿಸಿದ ನೀರು ಸದಾ ಎಟುಕುವಂತಿರಲಿ. ಮರಿಯನ್ನು ಉಪವಾಸ ಕೆಡವಬಾರದು. ರಕ್ತದಲ್ಲಿ ಸಕ್ಕರೆ ಇಳಿದು ಅದು ಕುಸಿಯಬಹುದು. ಮನುಷ್ಯರ ಭೇದಿ ಮಾತ್ರೆ, ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ಹಿಂಭಾಗದ ಶುಚಿತ್ವ

ಮೊದಲ ಮೂರು ವಾರಗಳಲ್ಲಿ ತಾಯಿನಾಯಿಯು ನೆಕ್ಕಿ ಮಲಮೂತ್ರ ವಿಸರ್ಜನೆಗೆ ಪ್ರಚೋದಿಸುತ್ತದೆ, ಶುಚಿಯನ್ನೂ ಕಾಯುತ್ತದೆ. ತಬ್ಬಲಿ ಮರಿಗಳಿಗೆ ಪ್ರತಿ ಬಾರಿ ಹಾಲುಣಿಸಿದಾಗಲೂ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಿ ಇದೇ ಕೆಲಸವನ್ನು ಮಾಡಬೇಕು.

ದೊಡ್ಡ ಮರಿಗಳಲ್ಲಿ ಒಣಗಿದ ಮಲವನ್ನು ಕಿತ್ತೆಳೆಯದೆ, ಬೆಚ್ಚನೆಯ ಒದ್ದೆಬಟ್ಟೆಯನ್ನು ಕೆಲಕಾಲ ಒತ್ತಿ ಹಿಡಿದು ನೆನೆಸಿ ತೆಗೆಯಬೇಕು. ಉದ್ದ ರೋಮದ ತಳಿಗಳಲ್ಲಿ ಮಲ ಮೆತ್ತಿದ ರೋಮವು ಗಟ್ಟಿಯಾಗಿ ಗುದದ್ವಾರವನ್ನೇ ಮುಚ್ಚಿಬಿಡಬಹುದು. ಅಲ್ಲಿನ ರೋಮವನ್ನು ಮೊಂಡು ತುದಿಯ ಕತ್ತರಿಯಿಂದ ಗಿಡ್ಡಗೊಳಿಸಬೇಕು. ತೊಳೆದ ಬಳಿಕ ಸಂಪೂರ್ಣವಾಗಿ ಒಣಗಿಸುವುದು ಮುಖ್ಯ. ತೇವ ಮತ್ತು ಕೊಳೆಯಿರುವಲ್ಲಿ ನೊಣಗಳು ಮೊಟ್ಟೆಯಿಟ್ಟು ಹುಳುಗಾಯ ಉಂಟಾಗುತ್ತದೆ. ಕೆಂಪಾದ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಬಹುದು. ಫಿನಾಯಿಲ್‌ ಮತ್ತು ಡೆಟಾಲ್‌ನಂತಹ ದ್ರಾವಣಗಳನ್ನು, ಸತು ಬೆರೆತ ಮುಲಾಮುಗಳನ್ನು ಬಳಸಕೂಡದು. ಮರಿ ನೆಕ್ಕಿದರೆ ಅವು ವಿಷವಾಗುತ್ತವೆ.

ಗುದದ ಸುತ್ತ ಅಕ್ಕಿಕಾಳಿನಂತಹ ಚೂರುಗಳು ಕಂಡರೆ ಅವು ಲಾಡಿಹುಳುವಿನ ತುಂಡುಗಳು. ಈ ಹುಳು ಚಿಗಟಗಳಿಂದ ಹರಡುವುದರಿಂದ ಚಿಗಟಗಳನ್ನೂ ನಿವಾರಿಸಬೇಕು. ಮರಿಯು ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಿದ್ದರೆ ಗುದಗ್ರಂಥಿಗಳ ತೊಂದರೆಯೂ ಇರಬಹುದು.

ಅಪಾಯದ ಚಿಹ್ನೆಗಳು

ರಕ್ತಭೇದಿ, ಮರುಕಳಿಸುವ ವಾಂತಿ, ಜ್ವರ, ಬಿಳಿಚಿದ ಅಥವಾ ಅಂಟಂಟಾದ ಒಸಡು, ಗುಳಿಬಿದ್ದ ಕಣ್ಣು, ಆಹಾರ ನಿರಾಕರಣೆ, ಎದ್ದು ನಿಲ್ಲಲಾರದ ನಿತ್ರಾಣ ಇವುಗಳಲ್ಲಿ ಒಂದು ಕಂಡರೂ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಲಸಿಕೆಯಾಗದ ಮರಿ ಅಥವಾ ಮೂರು ತಿಂಗಳೊಳಗಿನ ಮರಿಯ ವಿಷಯದಲ್ಲಿ ಭೇದಿಯೊಂದೇ ಇದ್ದರೂ ಅಂದೇ ವೈದ್ಯರ ಸಲಹೆ ಪಡೆಯುವುದು ಕ್ಷೇಮ. ಪೇಟೆಯಿಂದ ದೂರದ ತೋಟಗಳಲ್ಲಿರುವವರು ಮಳೆಯಿಂದ ರಸ್ತೆ ಕಡಿಯುವ ಸಂಭವವನ್ನೂ ಎಣಿಸಿ, ಬೆಳಗಾಗಲಿ ಎಂದು ಕಾಯದೆ ಹೊರಡುವುದು ಲೇಸು. ಮಲದ ಸ್ವಲ್ಪ ಅಂಶವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒಯ್ದರೆ ಪರೀಕ್ಷೆಗೆ ಅನುಕೂಲ.

ಮುಂಜಾಗ್ರತೆ

ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಗಳಿಗೊಮ್ಮೆ, ಅನಂತರ ವೈದ್ಯರು ಸೂಚಿಸಿದಂತೆ ಹುಳುವಿನ ಔಷಧ ಕೊಡಿಸಬೇಕು. ಪಾರ್ವೋ ಲಸಿಕೆಯನ್ನು 6ರಿಂದ 8 ವಾರದಲ್ಲಿ ಆರಂಭಿಸಿ, ಕನಿಷ್ಠ 16 ವಾರ ತುಂಬುವವರೆಗೆ ಪುನರಾವರ್ತಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಲಸಿಕೆಯನ್ನು ನಿಷ್ಫಲಗೊಳಿಸಬಹುದು. ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮರಿ ಮಲಗುವ ಜಾಗವನ್ನು ಮೊದಲು ತೊಳೆದು, ಒಂದು ಪಾಲು ದ್ರವ ಬ್ಲೀಚನ್ನು ಮೂವತ್ತು ಪಾಲು ನೀರಿಗೆ ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಮರಿಯನ್ನು ಆಗ ದೂರವಿರಿಸಬೇಕು.

ದುಂಡುಹುಳು ಮತ್ತು ಕೊಕ್ಕೆಹುಳುಗಳು ಮನುಷ್ಯರಿಗೂ, ವಿಶೇಷವಾಗಿ ಅಂಗಳದ ಮಣ್ಣಿನಲ್ಲಿ ಆಡುವ ಮಕ್ಕಳಿಗೂ ತಗುಲುತ್ತವೆ. ದುಂಡುಹುಳುವಿನ ಮೊಟ್ಟೆಗಳು ಸೋಂಕುಕಾರಕವಾಗಲು ಕೆಲವು ವಾರಗಳು ಬೇಕಾಗುವುದರಿಂದ, ಮಲವನ್ನು ಅಂದಂದೇ ತೆಗೆದು ಹೂಳುವುದೂ ಮರಿಯನ್ನು ಶುಚಿಗೊಳಿಸಿದ ಮೇಲೆ ಸೋಪಿನಿಂದ ಕೈ ತೊಳೆಯುವುದೂ ಮನೆಮಂದಿಯ ಆರೋಗ್ಯಕ್ಕೆ ಅವಶ್ಯಕ.