ಸಹೋದರ ಬಿಟ್ಟುಹೋದ ದುಡ್ಡಿಗೆ ಬ್ಯಾಂಕ್ ಕೈ ಹಾಕಬಹುದೇ?

ಮಗನಿಗೆ ಮೈತುಂಬಾ ಸಾಲ. ಅವನ ಹೆಸರಿಗೆ ಆಸ್ತಿ ಬರೆದರೆ ಜಪ್ತಿಯ ಭಯ, ಬರೆಯದಿದ್ದರೆ ಅವನ ಸಂಸಾರ ಬೀದಿಗೆ. ನಮ್ಮೂರುಗಳ ಜಗಲಿಯಲ್ಲಿ ನಾವು ಕೇಳುವ ಈ ಸಂಕಟ ಇನ್ನೂರು ವರ್ಷಗಳಿಂದ ಕೋರ್ಟುಗಳನ್ನೂ ಕಾಡಿದೆ.

1811ರಲ್ಲಿ ಇಂಗ್ಲೆಂಡಿನ ಲಾರ್ಡ್ ಎಲ್ಡನ್ ಒಂದು ತೀರ್ಪು ಕೊಟ್ಟರು. ಆಸ್ತಿ ಕೊಟ್ಟು, ‘ಸಾಲ ಕೊಟ್ಟವರು ಇದನ್ನು ಮುಟ್ಟಬಾರದು’ ಎಂದರೆ ನಡೆಯದು. ಆದರೆ ‘ದಿವಾಳಿಯಾದ ದಿನ ಇವನ ಹಕ್ಕು ಮುಗಿಯುತ್ತದೆ’ ಎಂದು ಬರೆಯಬಹುದು. ವಕೀಲರು ಇದೇ ದಾರಿ ಹಿಡಿದರು. 1925ರ ಟ್ರಸ್ಟೀ ಕಾಯ್ದೆಯ 33ನೇ ಸೆಕ್ಷನ್ ಇದಕ್ಕೊಂದು ಸಿದ್ಧ ಮಾದರಿ ಕೊಟ್ಟಿತು: ದಿವಾಳಿಯಾದವನ ಹಕ್ಕು ನಿಲ್ಲುತ್ತದೆ, ಆದರೆ ಟ್ರಸ್ಟಿಗಳು ತಮಗೆ ಸರಿ ಕಂಡಂತೆ ಅವನಿಗೋ ಹೆಂಡತಿ ಮಕ್ಕಳಿಗೋ ಖರ್ಚಿಗೆ ಕೊಡಬಹುದು.

ಅಮೆರಿಕ ಇನ್ನೂ ಮುಂದೆ ಹೋಯಿತು. ಚಾರ್ಲ್ಸ್ ಆಡಮ್ಸ್ ಎಂಬವರಿಗಾಗಿ ಅವರ ಸಹೋದರ ಉಯಿಲಿನಲ್ಲಿ 75,000 ಡಾಲರ್ ಟ್ರಸ್ಟಿಗೆ ಬಿಟ್ಟಿದ್ದರು. ಅದರ ಆದಾಯ ಆರು ತಿಂಗಳಿಗೊಮ್ಮೆ ಚಾರ್ಲ್ಸ್ ಕೈಗೇ ಸೇರಬೇಕು, ಸಾಲ ಕೊಟ್ಟವರು ನಡುವೆ ಬರಬಾರದು ಎಂಬುದು ಷರತ್ತು. ಬ್ರಾಡ್‌ವೇ ನ್ಯಾಷನಲ್ ಬ್ಯಾಂಕ್ ಕೋರ್ಟಿಗೆ ಹೋಯಿತು. 1882ರಲ್ಲಿ ಮ್ಯಾಸಚೂಸೆಟ್ಸ್ ಕೋರ್ಟ್ ಬ್ಯಾಂಕಿನ ವಿರುದ್ಧ ತೀರ್ಪಿತ್ತಿತು. ದುಡ್ಡು ಕೊಟ್ಟವರದು, ಷರತ್ತೂ ಅವರದೇ ಎಂಬುದು ಅದರ ವಾದ. ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ಚಿಪ್‌ಮನ್ ಗ್ರೇ ಇದನ್ನು ಕಟುವಾಗಿ ವಿರೋಧಿಸಿದರು. ಸಾಲ ತೀರಿಸದೆ ಒಬ್ಬ ಸುಖವಾಗಿ ಬದುಕಲು ಕಾನೂನೇ ನೆರವಾಗಬೇಕೆ ಎಂಬುದು ಅವರ ತಕರಾರು. ಆದರೂ ಅಮೆರಿಕದ ಬಹುತೇಕ ರಾಜ್ಯಗಳು ಆಡಮ್ಸ್ ದಾರಿಯನ್ನೇ ಹಿಡಿದವು.

ಅದೇ 1882ರಲ್ಲಿ ಭಾರತದಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ಬಂತು. ದಿವಾಳಿಯಾದರೆ ಹಕ್ಕು ಹೋಗುತ್ತದೆ ಎಂಬ ಷರತ್ತೇ ಅಸಿಂಧು ಎಂದು ಅದರ 12ನೇ ಸೆಕ್ಷನ್ ಹೇಳುತ್ತದೆ. ಅಂದರೆ ಇಂಗ್ಲೆಂಡಿನ ಆ ದಾರಿ ಇಲ್ಲಿ ಮುಚ್ಚಿತು.

ಆದರೆ ಇನ್ನೊಂದು ಬಾಗಿಲು ಆಗಲೇ ತೆರೆದಿತ್ತು. ಅದು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್. ಗಂಡ ತನ್ನ ಜೀವವಿಮೆ ಪಾಲಿಸಿಯಲ್ಲೇ ‘ಹೆಂಡತಿ, ಮಕ್ಕಳ ಹಿತಕ್ಕೆ’ ಎಂದು ಬರೆಸಿದರೆ ಅದು ಟ್ರಸ್ಟ್ ಆಗುತ್ತದೆ, ಅವನಿಗೆ ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ. 1923ರ ತಿದ್ದುಪಡಿ ಇದು ಹಿಂದೂ, ಮುಸ್ಲಿಮರಿಗೂ ಅನ್ವಯ ಎಂದು ಸ್ಪಷ್ಟಪಡಿಸಿತು. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದೇ ಮಾಡಿಸಿದ ಪಾಲಿಸಿಗೆ ಮಾತ್ರ ಈ ರಕ್ಷಣೆ ಇಲ್ಲ.

ಒಂದು ಮಾತು ನೆನಪಿರಲಿ: ಬರೀ ನಾಮಿನಿ ಹೆಸರು ಬರೆಸಿದರೆ ಈ ಟ್ರಸ್ಟ್ ಆಗುವುದಿಲ್ಲ. ಪಾಲಿಸಿ ಮಾಡಿಸುವಾಗಲೇ ಈ ಕಾಯ್ದೆಯಡಿ ಬರೆಸಬೇಕೆಂದು ಏಜೆಂಟರಿಗೆ ಹೇಳಿ.