ಕೊಳ್ಳುವವರಿದ್ದರು, ಬಳ್ಳಿ ಉಳಿಯಿತು

ನಾವು ವಿಜಯಪುರದ ಕಡೆಯವರು. ಇಳುವರಿ ಇಳಿಯಿತೆಂದರೆ ದ್ರಾಕ್ಷಿ ಪಡ ಕಿತ್ತು ಹೊಸ ಸಸಿ ಹಚ್ಚುವುದನ್ನು ನೋಡುತ್ತಲೇ ಬೆಳೆದವನು ನಾನು. ಹಾಗಾಗಿ ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಶಿರಾಜ್ ಎಂಬ ದ್ರಾಕ್ಷಿ ತಳಿಯ ಬಳ್ಳಿಗಳ ಮುಂದೆ ನಿಂತಾಗ ಮಾತೇ ಹೊರಡಲಿಲ್ಲ. ತನುಂಡಾ ಊರಿನ ಲ್ಯಾಂಗ್‌ಮೀಲ್ ತೋಟದವರು ತಮ್ಮ ಬಳ್ಳಿಗಳನ್ನು 1843ರಲ್ಲಿ ನೆಟ್ಟದ್ದೆನ್ನುತ್ತಾರೆ. ಬುಡ ಹುರಿಹಗ್ಗದಂತೆ ತಿರುಚಿಕೊಂಡಿದೆ, ತೊಗಟೆ ಎಳೆಎಳೆಯಾಗಿ ಬಿಟ್ಟಿದೆ. ಗೊನೆ ಕಡಿಮೆ, ಆದರೆ ರಸ ಗಾಢ. ಬೇರೆ ತಳಿ ಬೆರೆಸದೆ ಅದೊಂದರಿಂದಲೇ ಕೆಂಪು ವೈನ್ ಮಾಡುತ್ತಾರೆ.

ಇವನ್ನು ನೆಟ್ಟವರು ಪ್ರಶ್ಯದ ಸೈಲೀಷಿಯಾದಿಂದ ಬಂದ ಲೂಥರನ್ ರೈತರು. ಪೂಜಾವಿಧಿಯಲ್ಲಿ ದೊರೆ ಕೈಹಾಕಿದ್ದನ್ನು ಒಪ್ಪದೆ 1838ರಿಂದ ಹಡಗು ಹತ್ತಿದವರು. 1842ರಲ್ಲಿ ಈ ಕಣಿವೆಯಲ್ಲಿ ಬೆಥನಿ ಎಂಬ ಊರು ಕಟ್ಟಿದರು.

ಬಳ್ಳಿಗಳಿಗೆ ಎರಡು ಗಂಡಾಂತರ ಬಂದವು. ಮೊದಲನೆಯದು ಬೇರು ತಿನ್ನುವ ಫಿಲಾಕ್ಸೆರಾ ಕೀಟ. 19ನೇ ಶತಮಾನದ ಉತ್ತರಾರ್ಧದಲ್ಲಿ ಅದು ಯುರೋಪಿನ ತೋಟಗಳನ್ನು ಹಾಳುಗೆಡವಿತು, 1877ರಲ್ಲಿ ಪಕ್ಕದ ವಿಕ್ಟೋರಿಯಾದ ಜೀಲಾಂಗ್‌ನಲ್ಲೂ ಕಾಣಿಸಿತು. ದಕ್ಷಿಣ ಆಸ್ಟ್ರೇಲಿಯಾ ಹೊರಗಿನ ಬಳ್ಳಿ ಒಳಗೆ ಬಾರದಂತೆ ಬಿಗಿಯಾದ ಕಟ್ಟಳೆ ಮಾಡಿ ಪಾರಾಯಿತು. ನಮ್ಮಲ್ಲಿ ಡಾಗ್‌ರಿಜ್ ಎಂಬ ಬೇರೊಂದು ತಳಿಯ ಬೇರಿಗೆ ಕಸಿ ಕಟ್ಟುತ್ತೇವೆ. ಅಲ್ಲಿಯ ಹಳೆಯ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲೇ ನಿಂತಿವೆ.

ಎರಡನೆಯ ಗಂಡಾಂತರ ಮಾರುಕಟ್ಟೆಯದು. 1980ರ ದಶಕದಲ್ಲಿ ಜನ ಬಿಳಿ ವೈನಿನತ್ತ ವಾಲಿದರು, ಶಿರಾಜ್ ಕೇಳುವವರಿಲ್ಲವಾಯಿತು. ಕೀಟವನ್ನು ಗಡಿಯಲ್ಲೇ ತಡೆದ ಸರ್ಕಾರವೇ ಈಗ ಬಳ್ಳಿ ಕಿತ್ತವರಿಗೆ ಹಣ ಕೊಟ್ಟಿತು. ನೂರು ವರ್ಷ ದಾಟಿದ ತೋಟಗಳೂ ನೆಲಸಮವಾದವು.

ಆಗ ಆಸರೆಯಾದವರು ಕೆಲವೇ ವೈನ್ ತಯಾರಕರು. ಪೀಟರ್ ಲೆಹ್ಮನ್ ಅವರಲ್ಲಿ ಮುಖ್ಯರು. ಅದಕ್ಕೂ ಕೆಲವು ವರ್ಷ ಮೊದಲು, ಬೆಳೆ ಹೆಚ್ಚಾದಾಗ, ರೈತರಿಂದ ಹಣ್ಣು ಕೊಳ್ಳಬೇಡವೆಂದು ಅವರ ಕಂಪನಿ ಹೇಳಿತು. ಕೊಟ್ಟ ಮಾತಿಗೆ ತಪ್ಪಲಾರದೆ ಅವರು ಹೊರಬಂದು ತಮ್ಮದೇ ವೈನರಿ ಕಟ್ಟಿದರು. ರಾಕ್‌ಫೋರ್ಡ್, ಸೇಂಟ್ ಹ್ಯಾಲೆಟ್ ಮೊದಲಾದ ವೈನರಿಗಳವರು ಹಳೆಯ ಬಳ್ಳಿಯ ಶಿರಾಜ್‌ಗೇ ಹೆಸರು ತಂದರು. 2009ರಲ್ಲಿ ಬರೋಸಾದವರು ವಯಸ್ಸಿನ ದರ್ಜೆಗಳನ್ನೇ ಗೊತ್ತುಮಾಡಿದರು: 35 ದಾಟಿದ್ದು ಹಳೆಯದು, 70 ದಾಟಿದ್ದು ಬದುಕುಳಿದದ್ದು, 100 ದಾಟಿದ್ದು ಶತಾಯುಷಿ, 125 ದಾಟಿದ್ದು ಪೂರ್ವಜ.

ಹಳೆಯದೆಂಬ ಅಭಿಮಾನವೊಂದರಿಂದಲೇ ಯಾವ ತೋಟವೂ ಉಳಿಯುವುದಿಲ್ಲ. ಕಡಿಮೆ ಫಸಲಿಗೂ ತಕ್ಕ ಬೆಲೆ ಸಿಕ್ಕರೆ ರೈತ ತಾನಾಗಿ ಕೊಡಲಿ ಎತ್ತುವುದಿಲ್ಲ. ಬರೋಸಾದಿಂದ ನಾವು ಕಲಿಯಬೇಕಾದದ್ದು ಇದನ್ನೇ.